ಅರ್ಧ ಜಿಲ್ಲೆಯ ಹಾಫ್ ಮ್ಯಾರಥಾನ್

ನಮ್ಮ ಬಳ್ಳಾರಿಯ ಹಾಫ್ ಮ್ಯಾರಥಾನಿನ ಆ ಫೋಟೋ ನೀವೂ ನೋಡಿರುತ್ತೀರಿ. ಮುಖ್ಯ ಅತಿಥಿಗಳು ಬಿಳಿ ಪಂಚೆಯ ಕೆಳಗೆ ಹೊಸ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಕೈಯಲ್ಲಿ ಬಾವುಟ ಹಿಡಿದು ನಿಂತಿದ್ದಾರೆ. ಸುತ್ತ ನಲವತ್ತು ಜನ. ಅವರ ಹಿಂದೆಲ್ಲೋ ಓಡುವವರು. ಊರೆಲ್ಲ ಆ ಪಂಚೆ-ಶೂ ಬಗ್ಗೆಯೇ ಮಾತಾಡಿತು. ನಾನು ನೋಡಿದ್ದು ಶೂ ಕೆಳಗಿನ ರಸ್ತೆಯನ್ನು. ಕಪ್ಪಗೆ, ನುಣ್ಣಗೆ, ಹಸಿಹಸಿಯಾಗಿ ಹೊಳೆಯುತ್ತಿತ್ತು. ಹಿಂದಿನ ರಾತ್ರಿ ಹಾಕಿದ ಡಾಂಬರು. ಮೊದಲ ಐದು ನಿಮಿಷ ನಮ್ಮ ಶೂಗಳು ಚಟ್ ಚಟ್ ಅಂತ ಅಂಟಿಕೊಳ್ಳುತ್ತಿದ್ದವು. ಬಳ್ಳಾರಿಯ ರಸ್ತೆಗೆ ನಮ್ಮ ಮೇಲೆ ಇಷ್ಟು ಪ್ರೀತಿ ಇದೆ ಅಂತ ಗೊತ್ತಾದದ್ದೇ ಅವತ್ತು.

ಹೊಗಳಬೇಕಾದ್ದನ್ನು ಹೊಗಳಲೇಬೇಕು. ಎರಡು ವರ್ಷದ ಅರ್ಜಿಗಳಿಗೆ ಬಾರದ ಡಾಂಬರು ಒಂದು ಭಾನುವಾರದ ಓಟಕ್ಕೆ ಓಡೋಡಿ ಬಂತು. ಡಿವೈಡರ್‌ಗೆ ಬಣ್ಣ ಬಂತು. ಹಂಪ್‌ಗಳಿಗೆ ಬಿಳಿ ಪಟ್ಟಿ ಬಂತು. ಮ್ಯಾನ್‌ಹೋಲ್‌ಗಳಿಗೆ ಮುಚ್ಚಳ ಬಂತು. ಈ ಮುಚ್ಚಳಗಳೆಲ್ಲ ಇಷ್ಟು ದಿನ ಎಲ್ಲಿದ್ದವು? ಯಾವ ಗೋಡೌನಿನಲ್ಲಿ ಕೂತು ನಮ್ಮನ್ನು ನೋಡಿ ನಗುತ್ತಿದ್ದವು? ದಿನಾ ಎದುರು ಸಿಗುವ ಹಂದಿಗಳೂ ಕಾಣಲಿಲ್ಲ. ಅವಕ್ಕೂ ಪಾಸ್ ಕೊಟ್ಟು ಒಂದು ದಿನದ ಮಟ್ಟಿಗೆ ಊರಾಚೆ ಕಳಿಸಿದ್ದರೇನೋ.

ಈಗ ನನ್ನ ಕಾಲಿನ ವಿಷಯ. ಓಟಕ್ಕೆ ಇನ್ನೂ ಮೂರು ವಾರ ಇತ್ತು. ಬೆಳಗಿನ ಐದು ಗಂಟೆಗೆ ಪ್ರ್ಯಾಕ್ಟೀಸಿಗೆ ಹೊರಟೆ. ಓಣಿಯ ದೀಪ ಆರಿತ್ತು. ಪೈಪಿಗಂತ ಅಗೆದು, ಮೇಲೆ ಎರಡು ಬುಟ್ಟಿ ಮಣ್ಣು ಸುರಿದು ಹೋದ ಗುಂಡಿಯಲ್ಲಿ ಬಲಗಾಲು ಇಳಿಯಿತು. ಪಾದ ಒಳಕ್ಕೆ ಮಡಚಿತು. ಹತ್ತು ನಿಮಿಷದಲ್ಲಿ ಗಿಣ್ಣು ಮೂಸಂಬಿಯಷ್ಟು ದಪ್ಪ ಆಯಿತು. ಮೂಳೆ ಮುರಿದಿಲ್ಲ, ಲಿಗಮೆಂಟ್ ಎಳೆದಿದೆ, ಆರು ವಾರ ಓಡುವ ಮಾತೇ ಬೇಡ ಅಂದರು ಡಾಕ್ಟರು. ಎದುರುಮನೆ ಅಜ್ಜಿ ಬೇರೆಯೇ ಹೇಳಿದರು. ಕಾಲು ಮೊದಲಾಗಿ ಎದುರುಗಾಲಲ್ಲಿ ಹುಟ್ಟಿದವರ ಕೈಯಲ್ಲಿ, ಅಂದರೆ ಕಾಲಲ್ಲಿ, ಒಂದು ಸಲ ಒದೆಸಿಕೊಂಡರೆ ಎಂಥ ಉಳುಕಾದರೂ ಹೋಗುತ್ತದಂತೆ. ನನ್ನ ಗೆಳೆಯ ತಕ್ಷಣ ಎದ್ದು ನಿಂತ. "ನಾನು ಎದುರುಗಾಲಲ್ಲೇ ಹುಟ್ಟಿದ್ದು ಕಣಲೇ. ಬೇಕಂದ್ರೆ ನಮ್ಮವ್ವನ್ನ ಕೇಳು." ಬೇಡ ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು.

ಈ ಗೆಳೆಯನ ಬಗ್ಗೆ ನಾಲ್ಕು ಮಾತು ಹೇಳಬೇಕು. ಜೀನ್ಸ್ ಪ್ಯಾಂಟ್ ಹೊಲಿಸುವ ಸಣ್ಣ ಯುನಿಟ್ ಇಟ್ಟುಕೊಂಡಿದ್ದಾನೆ. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರು ಮನೆಮನೆಗೆ ಸಿಗುತ್ತಾರೆ. ಇವರಿಗಂತ ಮಾತು ಕೊಟ್ಟ ಜೀನ್ಸ್ ಪಾರ್ಕ್ ಮಾತ್ರ ಭಾಷಣದಲ್ಲಿ ಬಂದಷ್ಟು ಬೇಗ ನೆಲದ ಮೇಲೆ ಬರಲಿಲ್ಲ. ಅದಿರಲಿ. ಅವನೂ ಓಟಕ್ಕೆ ಹೆಸರು ಕೊಟ್ಟಿದ್ದ. ಕಾರಣ ಟೀ-ಶರ್ಟ್. ತರಬೇತಿ ಏನು ಮಾಡಿದೀಯ ಅಂತ ಕೇಳಿದೆ. "ಇಪ್ಪತ್ತು ವರ್ಷ ಮಷೀನ್ ಪೆಡಲ್ ತುಳಿದ ಕಾಲಲೇ ಇದು. ಇದಕ್ಕೇನು ಟ್ರೇನಿಂಗ್ ಕೊಡ್ತೀಯ?" ನನ್ನ ಉಳುಕಿನ ಬಗ್ಗೆ ಅವನ ಲೆಕ್ಕ ಇನ್ನೂ ಸರಳ. "ನಿಂದೊಂದು ಕಾಲು ಹೋಗೈತೆ, ನನ್ನವು ಎರಡೂ ನೆಟ್ಟಗದಾವೆ. ಇಬ್ಬರಿಗೂ ಸೇರಿ ಮೂರು ಕಾಲು. ನಡ್ಕೊಂತ ಹೋಗಾಣ ಬಾ." ಎಂಟುನೂರು ರೂಪಾಯಿ ಕಟ್ಟಿದ್ದೆ. ವಾಪಸ್ ಕೊಡುವುದಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಡಾಕ್ಟರ ಮಾತಿಗಿಂತ ಆ ದಪ್ಪ ಅಕ್ಷರವೇ ಹೆಚ್ಚಾಯಿತು. ಕ್ರೇಪ್ ಬ್ಯಾಂಡೇಜ್ ಬಿಗಿದುಕೊಂಡು ಹೊರಟೆ. ಇದು ಆರೋಗ್ಯಕ್ಕಾಗಿ ಓಟ ಅನ್ನುವುದನ್ನು ಮರೆಯಬೇಡಿ.

ನಮಗೆ ಪೂರ್ತಿ ಮ್ಯಾರಥಾನ್ ಯಾಕಿಲ್ಲ, ಬರೀ ಹಾಫ್ ಯಾಕೆ ಅಂತ ಗೆಳೆಯ ಕೇಳಿದ. ಜಿಲ್ಲೆಯೇ ಹಾಫ್ ಆಗಿದೆಯಲ್ಲಪ್ಪ ಅಂದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಆರು ತಾಲ್ಲೂಕು ಆ ಕಡೆ ಹೋದವು, ಐದು ನಮಗೆ ಉಳಿದವು. ಹಂಪಿ ಅವರಿಗೆ, ಡ್ಯಾಮು ಅವರಿಗೆ. ಕೋಟೆ ಗುಡ್ಡ, ಸಂಡೂರಿನ ಗಣಿ, ಗಣಿಯ ಧೂಳು ನಮಗೆ. ಅಣ್ಣ ತಮ್ಮ ಪಾಲಾದಾಗ ಒಬ್ಬನಿಗೆ ತೋಟ, ಇನ್ನೊಬ್ಬನಿಗೆ ತೋಟದ ಸಾಲ ಬಂದಹಾಗೆ. ಅಂಥ ಊರಲ್ಲಿ 21.0975 ಕಿಲೋಮೀಟರೇ ಜಾಸ್ತಿ.

ಬೆಳಿಗ್ಗೆ ಐದೂವರೆಗೆ ಬರಬೇಕು ಅಂತ ಮೆಸೇಜ್ ಇತ್ತು. ಬಂದೆವು. ಆರಕ್ಕೆ ಜುಂಬಾ ಕುಣಿಸಿದರು. ಉಳುಕಿದ ಕಾಲಲ್ಲಿ ಜುಂಬಾ ಕುಣಿಯುವುದನ್ನು ನೀವು ನೋಡಬೇಕಿತ್ತು, ನನ್ನ ಸುತ್ತ ಇದ್ದವರು ಅದನ್ನೇ ಒಂದು ಸ್ಟೆಪ್ ಅಂದುಕೊಂಡು ಮಾಡತೊಡಗಿದರು. ಆರೂವರೆ ಆಯಿತು, ಅತಿಥಿಗಳಿಲ್ಲ. ಮತ್ತೆ ಜುಂಬಾ. ಏಳಕ್ಕೆ ಕಾರುಗಳು ಬಂದವು. ಸ್ವಾಗತ, ಶಾಲು, ಏಲಕ್ಕಿ ಹಾರ, ನೆನಪಿನ ಕಾಣಿಕೆ. ಆಮೇಲೆ ಆರೋಗ್ಯವೇ ಭಾಗ್ಯ ಅನ್ನುವ ಬಗ್ಗೆ ಭಾಷಣ. ಬೆಳಿಗ್ಗೆ ಬೇಗ ಏಳಬೇಕು ಅಂತ ಅವರು ನಮಗೆ ಹೇಳಿದರು. ಐದೂವರೆಯಿಂದ ನಿಂತಿದ್ದ ನಾವು ಚಪ್ಪಾಳೆ ತಟ್ಟಿದೆವು. ಬಾವುಟ ಬೀಸಿದಾಗ ಏಳು ಇಪ್ಪತ್ತು. ಬಳ್ಳಾರಿಯಲ್ಲಿ ಏಳು ಇಪ್ಪತ್ತು ಅಂದರೆ ಬಿಸಿಲು ಹಲ್ಲುಜ್ಜಿ, ಟೀ ಕುಡಿದು, ಕೆಲಸಕ್ಕೆ ಕೂತಾಗಿರುತ್ತದೆ.

ಕಾಯುವ ಹೊತ್ತಿಗೆ ಗೆಳೆಯ ಪಕ್ಕದ ಗಾಡಿಯಲ್ಲಿ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ಮುಗಿಸಿದ್ದ. ಓಟಕ್ಕೆ ಮುಂಚೆ ಮಿರ್ಚಿ ತಿಂದರೆ ಏನಾಗುತ್ತದೆ ಅಂತ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಬಿಸಿ ಬಿಸಿ ಇತ್ತಲ್ಲ.

ಅಲ್ಲ, ಬಳ್ಳಾರಿಗೆ ಕಾಲಿನ ವ್ಯವಹಾರ ಹೊಸದೇನಲ್ಲ. 2010ರಲ್ಲಿ ಸಿದ್ದರಾಮಯ್ಯ ಬೆಂಗಳೂರಿನಿಂದ ಇಲ್ಲಿಗೆ ಸುಮಾರು 320 ಕಿಲೋಮೀಟರ್ ಪಾದಯಾತ್ರೆ ಬಂದರು, 2013ರಲ್ಲಿ ಮುಖ್ಯಮಂತ್ರಿ ಆದರು. 2022ರ ಅಕ್ಟೋಬರಿನಲ್ಲಿ ಭಾರತ್ ಜೋಡೋ ಯಾತ್ರೆ ಇಲ್ಲೇ 1000 ಕಿಲೋಮೀಟರ್ ಮುಟ್ಟಿತು. ಮುಂದಿನ ವರ್ಷ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಬಳ್ಳಾರಿಗೆ ನಡೆದುಕೊಂಡು ಬಂದವರಿಗೆ ಕುರ್ಚಿ ಸಿಗುತ್ತದೆ. ಬಳ್ಳಾರಿಯಲ್ಲೇ ಇದ್ದು ನಡೆಯುವವರಿಗೆ ಎಕ್ಸ್‌ರೇ ಸಿಗುತ್ತದೆ.

ಓಟ ಹೇಗಿತ್ತು ಅಂತ ಕೇಳಿದಿರಾ? ಮೊದಲ ಮೂರು ಕಿಲೋಮೀಟರ್ ಚೆನ್ನಾಗಿತ್ತು. ಅತಿಥಿಗಳ ಕಾರು ತಿರುಗಿ ಹೋಗುವ ಸರ್ಕಲ್‌ವರೆಗೂ ಹೊಸ ಡಾಂಬರು. ಸರ್ಕಲ್ ದಾಟಿದ ಮೇಲೆ ಡಾಂಬರು ಗೆರೆ ಎಳೆದಹಾಗೆ ನಿಂತಿತು, ನಮ್ಮ ನಿಜವಾದ ಬಳ್ಳಾರಿ ಶುರುವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಮಾಡಿದವರು ನಮ್ಮೂರಿಗೆ ಬಂದಿರಲಿಲ್ಲ. ಪಾಪ, ಆಕೆ ನಿಜವನ್ನೇ ಹೇಳಿರಬಹುದು. ನಾನು ಎರಡು ಹೆಜ್ಜೆ ಓಡುವುದು, ನಾಲ್ಕು ಹೆಜ್ಜೆ ಕುಂಟುವುದು. ಗೆಳೆಯ ಆರನೇ ಕಿಲೋಮೀಟರಿಗೆ ಮಿರ್ಚಿಗಳ ಹೆಸರು ಹಿಡಿದು ಕೂಗತೊಡಗಿದ. ಅವನು ಹಾಕಿಕೊಂಡು ಬಂದದ್ದು ತನ್ನದೇ ಯುನಿಟ್ಟಿನ ಜೀನ್ಸ್ ಚಡ್ಡಿ. "ಸ್ಟ್ರೆಚ್ ಐತಲೇ" ಅಂದಿದ್ದ. ಬೆವರು ಕುಡಿದ ಜೀನ್ಸ್ ಎಷ್ಟು ಭಾರ ಆಗುತ್ತದೆ, ತೊಡೆಗೆ ಹೇಗೆ ಉಜ್ಜುತ್ತದೆ ಅನ್ನುವ ಸಂಶೋಧನೆಯನ್ನು ಅವನು ಅವತ್ತು ತನ್ನ ಮೈಮೇಲೆಯೇ ಮಾಡಿಕೊಂಡ.

ದಾರಿಯಲ್ಲಿ ಫಿಸಿಯೋ ಅಂತ ಬೋರ್ಡ್ ಹಾಕಿದ್ದ ಒಂದು ಟೇಬಲ್ ಸಿಕ್ಕಿತು. ಕಾಲು ತೋರಿಸಿದೆ. ಅಲ್ಲಿದ್ದ ಹುಡುಗ ಸ್ಪ್ರೇ ಡಬ್ಬಿ ಅಲ್ಲಾಡಿಸಿ ಬ್ಯಾಂಡೇಜ್ ಮೇಲೆ, ಸಾಕ್ಸ್ ಮೇಲೆ, ಶೂ ಮೇಲೆ ಹೊಡೆದ. ಶೂಗೆ ನೋವು ಕಡಿಮೆಯಾಯಿತು.

ಆಮೇಲೆ ರೈಲ್ವೆ ಗೇಟ್ ಬಿತ್ತು.

ಇದನ್ನು ನಾನು ಸಾಯುವತನಕ ಮರೆಯುವುದಿಲ್ಲ. ಮುಂದೆ ಓಡುತ್ತಿದ್ದವರು, ವಾಚು ನೋಡಿ ನೋಡಿ ಉಸಿರು ಲೆಕ್ಕ ಹಾಕುವವರು, ಹೊರಗಿನಿಂದ ಬಂದ ತೆಳ್ಳನೆ ಹುಡುಗರು, ಅಷ್ಟೂ ಜನ ಗೇಟಿನ ಮುಂದೆ ಸಾಲಾಗಿ ನಿಂತಿದ್ದರು. ಒಬ್ಬ ಸುಮ್ನೆ ನಿಂತಲ್ಲೇ ಓಡುತ್ತಿದ್ದ. ಎದುರಿಗೆ ಅದಿರು ತುಂಬಿದ ಗೂಡ್ಸ್ ಗಾಡಿ, ಅವಸರವೇ ಇಲ್ಲದೆ ಹೋಗುತ್ತಿತ್ತು. ಹಿಂದಿನಿಂದ ಕುಂಟುತ್ತ ನಾವಿಬ್ಬರು ಬಂದು ಅವರ ಪಕ್ಕ ನಿಂತೆವು. ಗೆಳೆಯ ವ್ಯಾಗನ್ ಎಣಿಸಿದ. 58. "ನೋಡಲೇ, ಟ್ರೇನಿಂಗ್ ಟ್ರೇನಿಂಗ್ ಅಂತಿದ್ದೆ. ಟ್ರೇನೇ ಬಂತು ನೋಡು" ಅಂದ. ಎಂಟುನೂರು ರೂಪಾಯಿಯಲ್ಲಿ ಅಷ್ಟಾದರೂ ವಸೂಲಾಯಿತು. ಗಾಡಿ ಹೋದ ಮೇಲೆ ಕೆಂಪು ಧೂಳು ಮೆಲ್ಲಗೆ ಇಳಿಯಿತು. ಬಿಳಿ ಟೀ-ಶರ್ಟಿನ ಮೇಲೆ ಆರೋಗ್ಯ ಅಂತ ಬರೆದದ್ದರ ಮೇಲೂ ಇಳಿಯಿತು.

ಹತ್ತೂವರೆ ಕಿಲೋಮೀಟರ್ ಆದಮೇಲೆ ತಿರುಗಬೇಕಿತ್ತು. ಅದಕ್ಕೆ ಮೊದಲೇ ಒಬ್ಬ ಸ್ವಯಂಸೇವಕ ಕೈ ಅಡ್ಡ ಹಿಡಿದು "ಅಣ್ಣಾ, ಇಲ್ಲೇ ತಿರುಗ್ರಿ" ಅಂದ. ಯಾಕೆ ಅಂದೆ. ಅತಿಥಿಗಳಿಗೆ ಒಂಬತ್ತೂವರೆಗೆ ಒಂದು ಮದುವೆ ಇದೆಯಂತೆ. ಬಹುಮಾನ ಬೇಗ ಮುಗಿಯಬೇಕಂತೆ. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಯಾಕಂದರೆ ಮ್ಯಾರಥಾನ್ ಹುಟ್ಟಿನಿಂದಲೂ ಹೀಗೇ. ಪೂರ್ತಿ ಮ್ಯಾರಥಾನಿನ 42.195 ಕಿಲೋಮೀಟರ್ ಅನ್ನುವ ವಿಚಿತ್ರ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸಿನಿಂದ. ಓಟ ಶುರುವಾದದ್ದು ವಿಂಡ್ಸರ್ ಅರಮನೆಯ ಅಂಗಳದಲ್ಲಿ. ಮುಗಿಯಬೇಕಾದದ್ದು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ. ಅಲ್ಲಿಗೆ 26 ಮೈಲಿಯ ಮೇಲೆ 385 ಗಜ ಆಯಿತು. 1921ರಲ್ಲಿ ಅದೇ ಅಳತೆ ಗಟ್ಟಿಯಾಯಿತು. ಅಂದರೆ ದೊಡ್ಡವರ ಕುರ್ಚಿ ಎಲ್ಲಿದೆಯೋ ಅಲ್ಲಿಗೆ ಓಟ ಮುಗಿಯಬೇಕು. ಲಂಡನ್ನಿನವರು ದೊರೆಗೋಸ್ಕರ ದೂರ ಹೆಚ್ಚಿಸಿದರು. ನಾವು ಮದುವೆ ಊಟಕ್ಕೋಸ್ಕರ ಕಡಿಮೆ ಮಾಡಿದೆವು. ನಮ್ಮದೇ ವಾಸಿ ಅಲ್ವಾ?

ಹದಿಮೂರನೇ ಕಿಲೋಮೀಟರಿನಲ್ಲಿ ಗೆಳೆಯನ ಮೀನಖಂಡ ಹಿಡಿದುಕೊಂಡಿತು. ಮೂರು ಕಾಲಿನ ಲೆಕ್ಕ ಎರಡಕ್ಕೆ ಇಳಿಯಿತು. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ಗಳಿಗೆಗೊಮ್ಮೆ ನಿಂತು, ಹಾದಿಹೋಕರ ಕೈಯಲ್ಲಿ "ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಯಾರೆ ನೋಡು" ಅನ್ನಿಸಿಕೊಂಡು ಬಂದು ಮುಟ್ಟಿದಾಗ ಹತ್ತೂವರೆ. ಶಾಮಿಯಾನ ಬಿಚ್ಚುತ್ತಿದ್ದರು. ಪದಕ ಮುಗಿದಿತ್ತು, ವೇದಿಕೆ ಮೇಲಿದ್ದವರಿಗೆಲ್ಲ ಒಂದೊಂದು ಹಾಕಿದ್ದರಂತೆ. ನಮಗೆ ಸರ್ಟಿಫಿಕೇಟ್ ಸಿಕ್ಕಿತು. ಹೆಸರಿನ ಜಾಗ ಖಾಲಿ, ನಾವೇ ಬರೆದುಕೊಳ್ಳಬೇಕು. 21.1 ಕಿಲೋಮೀಟರ್ ಯಶಸ್ವಿಯಾಗಿ ಪೂರೈಸಿದ್ದಾರೆ ಅಂತ ಅಚ್ಚಾಗಿತ್ತು. ನನ್ನ ವಾಚು 19.4 ತೋರಿಸುತ್ತಿತ್ತು. ಅಲ್ಲೊಬ್ಬರಿಗೆ ತೋರಿಸಿದೆ. "ನಿಮ್ಮ ವಾಚ್ ರಿಪೇರಿ ಮಾಡಿಸ್ರಿ ಸರ್" ಅಂದರು.

ಮನೆಗೆ ಬಂದೆ. ಓಣಿಯ ಗುಂಡಿ ಅಲ್ಲೇ ಇತ್ತು. ಯಾರಾದರೂ ಬಿದ್ದಾರು ಅಂತ ಮೂಲೆಯ ಇಸ್ತ್ರಿಯವರು ಅದರಲ್ಲಿ ಒಂದು ಬೇವಿನ ಕೊಂಬೆ ನಿಲ್ಲಿಸುತ್ತಾರೆ. ಒಣಗಿದರೆ ಹೊಸ ಕೊಂಬೆ ತರುತ್ತಾರೆ. ನಾನು ಬಿದ್ದ ದಿನ ಕೊಂಬೆಯನ್ನು ಆಡು ತಿಂದಿತ್ತು. ಎರಡು ವರ್ಷದಲ್ಲಿ ಎಷ್ಟು ಕೊಂಬೆ ಬದಲಾಗಿರಬೇಕು.

ನನಗೆ ಒದೆಸಿಕೋ ಅಂದರಲ್ಲ ಆ ಎದುರುಮನೆ ಅಜ್ಜಿ, ಓಟ ಮುಗಿದ ಹತ್ತನೇ ದಿನ ಅದೇ ಗುಂಡಿಯ ಅಂಚಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಈಗ ಮಂಚದ ಮೇಲೆ ಇದ್ದಾರೆ. ಮಂಗಳವಾರ ಮಂಗಳವಾರ ಕನಕ ದುರ್ಗಮ್ಮನ ಗುಡಿಗೆ ಹೋಗುತ್ತಿದ್ದವರು. ಅವರು ಯಾವ ಪದಕ ಕೇಳಿರಲಿಲ್ಲ. ಆಟೋ ನಿಲ್ಲುವಲ್ಲಿಗೆ ಇನ್ನೂರು ಹೆಜ್ಜೆ ನಡೆಯಬೇಕಿತ್ತು, ಅಷ್ಟೇ. ಮೂರು ಕಿಲೋಮೀಟರಿಗೆ ಒಂದೇ ರಾತ್ರಿಯಲ್ಲಿ ಡಾಂಬರು ಹಾಕುವ ಯಂತ್ರ ಇದೆ, ಆಳು ಇದ್ದಾರೆ, ದುಡ್ಡು ಇದೆ. ಒಂದು ಗುಂಡಿಗೆ ನಾಲ್ಕು ಬುಟ್ಟಿ ಜಲ್ಲಿ ಇಲ್ಲ. ಇದಕ್ಕೆ ಏನಂತ ಹಾಸ್ಯ ಮಾಡಲಿ? ನನಗೆ ಸಾಕಾಗಿದೆ.

ಗೆಳೆಯನಿಗೆ ಮಾತ್ರ ಸಾಕಾಗಿಲ್ಲ. ಮೊನ್ನೆ ಬಂದು ನನ್ನ ವಾಚು ಕಟ್ಟಿಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ನಡೆದ. 140 ಮೀಟರ್. "ಈ ತುದಿಯಿಂದ ಆ ತುದಿಗೆ 151 ಸಲ ಓಡಿದರೆ ಹಾಫ್ ಮ್ಯಾರಥಾನ್ ಆಯ್ತಲೇ. ಮುಂದಿನ ವರ್ಷ ಇಲ್ಲೇ ಮಾಡಾಣ. ಅತಿಥಿಗಳ ವೇದಿಕೆ ಕರೆಕ್ಟಾಗಿ ಗುಂಡಿ ಇರೋ ಜಾಗಕ್ಕೆ ಹಾಕಾಣ" ಅಂದ. ಈಗ ನಮ್ಮ ಕಟ್ಟೆಯ ಮೇಲೆ ಕೂತು ಅನುಮತಿಗೆ ಅರ್ಜಿ ಬರೆಯುತ್ತಿದ್ದಾನೆ. ಅರ್ಜಿಯಲ್ಲಿ ಗುಂಡಿ ಅನ್ನುವ ಪದ ಎಲ್ಲೂ ಬರಬಾರದು ಅಂತ ಹೇಳಿ ಕೂರಿಸಿದ್ದೇನೆ.