ಫಾಲ್ಸ್ ಪ್ಲಾನ್ ವಾಪಸ್ ಬರುವ ದಾರಿಯಿಂದ ಶುರುವಾಗಲಿ

ಮನೆಮಂದಿಯೆಲ್ಲ ಸೇರಿ ಬೆಟ್ಟದ ಕಮರಿಯೊಳಗಿನ ಜಲಪಾತಕ್ಕೆ ನಡೆದು ಹೋಗೋಣ ಅಂತ ಮಾತು ಶುರುವಾದರೆ ಎಲ್ಲರೂ ಮೊದಲು ಕೇಳುವುದು ಒಂದೇ. ಎಷ್ಟು ಕಿಲೋಮೀಟರ್? ಮೂರು ಅಂದ ಕೂಡಲೇ ಫ್ಯಾಮಿಲಿ ಗ್ರೂಪಿನಲ್ಲಿ ಹೆಬ್ಬೆರಳುಗಳ ಸುರಿಮಳೆ. ಮೂರೇ ತಾನೇ, ಅಜ್ಜಿನೂ ಬರ್ತಾರೆ, ಪಾಪುನೂ ಬರುತ್ತೆ. ನನ್ನ ತಕರಾರು ಇರುವುದೇ ಇಲ್ಲಿ. ಕಮರಿಯ ದಾರಿಗೆ ಬರೀ ಕಿಲೋಮೀಟರ್ ಲೆಕ್ಕ ಸಾಲುವುದಿಲ್ಲ. ಎಷ್ಟು ಹತ್ತಬೇಕು, ಆ ಹತ್ತೋದು ಬರುವುದು ಹೋಗುವಾಗಲೋ ವಾಪಸ್ ಬರುವಾಗಲೋ, ಇವೆರಡು ಗೊತ್ತಾಗದೆ ಪ್ಲಾನ್ ಮುಂದಕ್ಕೆ ಹೋಗಲೇಬಾರದು.

ಬೆಟ್ಟದ ತುದಿಗೆ ಹೋಗುವಾಗ ಮೈಯಲ್ಲಿ ಕಸುವಿರುವಾಗಲೇ ಹತ್ತಿಬಿಡುತ್ತೇವೆ. ಸುಸ್ತಾದ ಮೇಲೆ ಉಳಿಯುವುದು ಇಳಿಯುವ ಕೆಲಸ. ಕಮರಿಯ ಅಂಚಿನಿಂದ ಕೆಳಗಿಳಿಯುವ ದಾರಿ ಪೂರ್ತಿ ಉಲ್ಟಾ. ಹೋಗುವಾಗ ಮಕ್ಕಳು ಕುಣಿದುಕೊಂಡು ಇಳಿಯುತ್ತವೆ. ಇಷ್ಟೇನಾ ಅನ್ನುತ್ತವೆ. ನೀರಲ್ಲಿ ಆಡಿ, ತಂದಿದ್ದನ್ನೆಲ್ಲ ತಿಂದು, ಕಣ್ಣು ಎಳೆಯುವ ಹೊತ್ತಿಗೆ ಏರು ಶುರು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಇಳಿಯಲು ಹಿಡಿದ ಸಮಯದ ಎರಡರಷ್ಟನ್ನು ಹತ್ತಲು ಇಟ್ಟುಕೊಳ್ಳಿ ಅಂತಲೇ ಹೇಳುತ್ತಾರೆ. ಅದಕ್ಕೇ, ಆಯ್ಕೆ ಇದ್ದರೆ, ಮನೆಮಂದಿಯ ಜೊತೆ ಹೋಗುವಾಗ ನಾನು ಕಮರಿಯ ಬಾಯಿಯಿಂದ ಹೊಳೆಯ ಪಕ್ಕದಲ್ಲೇ ಮೇಲಕ್ಕೆ ಹೋಗುವ ದಾರಿಗೇ ವೋಟು ಹಾಕುತ್ತೇನೆ. ಮೇಲಿನಿಂದ ಕಾಣುವ ನೋಟ ಸಿಗಲ್ಲ, ನಿಜ. ಆದರೆ ಯಾರಿಗೆ ಸಾಕಾಯಿತೋ ಅವರು ಅಲ್ಲೇ ತಿರುಗಿದರೆ ಮುಂದಿರುವುದು ಇಳಿಜಾರು.

ಸಮಯದ ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟಿದ್ದು. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿಬರಲು 6 ಕಿಲೋಮೀಟರ್, 300 ಮೀಟರ್ ಏರು ಅಂದುಕೊಳ್ಳಿ. ಲೆಕ್ಕ ಹಾಕಿದರೆ ಒಂದೂಮುಕ್ಕಾಲು ಗಂಟೆಯ ಒಳಗೇ ಬರುತ್ತದೆ. ಆದರೆ ಇದು ಗಟ್ಟಿಮುಟ್ಟಾದ ದೊಡ್ಡವರು ಎಲ್ಲೂ ನಿಲ್ಲದೆ ನಡೆದರೆ ಆಗುವ ಲೆಕ್ಕ. ಐದು ವರ್ಷದ ಮಗುವಿನ ಹಿಂದೆ ನಡೆದವರಿಗೆ ಗೊತ್ತಿರುತ್ತದೆ. ಅದು ಒಂದು ಇರುವೆ ಸಾಲು ಕಂಡರೆ ಕೂತುಬಿಡುತ್ತದೆ. ಆ ಸಾಲು ಎಲ್ಲಿಗೆ ಹೋಗುತ್ತಿದೆ ಅಂತ ಪತ್ತೆಯಾಗುವ ತನಕ ಏಳಲ್ಲ. ಆಮೇಲೆ ಒಂದು ಕಡ್ಡಿ ಬೇಕು. ಆ ಕಡ್ಡಿ ಅಣ್ಣನ ಕಡ್ಡಿಗಿಂತ ಉದ್ದ ಇರಬೇಕು. ಇದನ್ನೆಲ್ಲ ತಡೆಯುವುದು ಪಾಪ ಅಂತಲೇ ನನ್ನ ಅಭಿಪ್ರಾಯ, ಅವರು ಬಂದಿರುವುದೇ ಅದಕ್ಕೆ. ಹಾಗಾಗಿ ನಾನು ಸೂತ್ರದ ಲೆಕ್ಕವನ್ನು ಎರಡರಿಂದ ಗುಣಿಸುತ್ತೇನೆ, ನೀರಿನ ಹತ್ತಿರ ಕೂರಲು ಒಂದು ಗಂಟೆ ಸೇರಿಸುತ್ತೇನೆ. ಆ ಪುಟ್ಟ ಮೂರು ಕಿಲೋಮೀಟರಿನ ಫಾಲ್ಸ್ ಈಗ ನಾಲ್ಕೂವರೆ ಗಂಟೆಯ ಕೆಲಸ, ಅಲ್ವಾ?

ಇನ್ನು ಯಾವಾಗ ಹೋಗಬೇಕು ಅನ್ನುವುದು. ಫೋಟೋದಲ್ಲಿ ಕಂಡ ಫಾಲ್ಸ್ ವರ್ಷವಿಡೀ ಹಾಗೇ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಫಾಲ್ಸ್ 739 ಮೀಟರ್ ಎತ್ತರದ್ದು, ಹೆಸರಾಂತ ಜಲಪಾತ. ಹಿಮ ಕರಗುವ ವಸಂತದಲ್ಲಿ ಭೋರ್ಗರೆಯುತ್ತದೆ. ಬೇಸಿಗೆಯ ಕೊನೆಗೆ ಎಷ್ಟೋ ವರ್ಷ ಬರೀ ಒಣಗಿದ ಬಂಡೆ. ಹಾಗಂತ ನೀರು ಅತಿ ಜಾಸ್ತಿ ಇರುವಾಗ ಹೋಗುವುದೂ ಮಕ್ಕಳಿರುವ ಮನೆಗೆ ಹೇಳಿಮಾಡಿಸಿದ್ದಲ್ಲ. ಭೋರ್ಗರೆತ ಸ್ವಲ್ಪ ಇಳಿದ ಮೇಲಿನ ವಾರಗಳೇ ಒಳ್ಳೆಯವು. ಅಲ್ಲಿಗೆ ಇತ್ತೀಚೆಗೆ ಹೋಗಿ ಬಂದವರನ್ನು ಕೇಳಿ, ಇಲ್ಲವೇ ಅಲ್ಲಿನ ಅರಣ್ಯ ಸಿಬ್ಬಂದಿಯನ್ನು ಕೇಳಿ.

ದಿನದ ಹೊತ್ತೂ ಅಷ್ಟೇ ಮುಖ್ಯ. ಇದನ್ನು ಜನ ಸುಮ್ನೆ ತಳ್ಳಿಹಾಕುತ್ತಾರೆ. ಹಿಮ ಕರಗಿ ಬರುವ ಹೊಳೆ ಬೆಳಿಗ್ಗೆ ಸಣ್ಣಗಿರುತ್ತದೆ. ಬಿಸಿಲೇರಿದ ಹಾಗೆ ಹಿಮ ಕರಗಿ, ಮಧ್ಯಾಹ್ನ ದಾಟಿದ ಮೇಲೆ ನೀರು ಏರುತ್ತದೆ. ಬೆಳಿಗ್ಗೆ ಕಲ್ಲಿಂದ ಕಲ್ಲಿಗೆ ಜಿಗಿದು ದಾಟಿದ ಜಾಗದಲ್ಲೇ ಸಂಜೆ ಮೊಣಕಾಲು ಮಟ್ಟದ ರಭಸ. ಅಷ್ಟು ನೀರು ದೊಡ್ಡವರನ್ನೂ ಬೀಳಿಸಬಲ್ಲದು. ಬೇಸಿಗೆಯಲ್ಲಿ ಬೆಟ್ಟಗಳ ಗುಡುಗು ಮಳೆ ಬರುವುದೂ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಆಳದ ಕಮರಿಯಲ್ಲಿ ಸೂರ್ಯ ಬೇಗ ಗೋಡೆಯ ಮರೆಗೆ ಹೋಗಿಬಿಡುತ್ತಾನೆ, ಹೊರಗೆ ಇನ್ನೂ ಬಿಸಿಲಿದ್ದರೂ ಒಳಗೆ ಚಳಿ. ಎಲ್ಲವೂ ಒಂದೇ ಮಾತು ಹೇಳುತ್ತವೆ. ಬೆಳಕು ಹರಿಯುತ್ತಿದ್ದಂತೆ ಹೊರಡಿ, ಮಧ್ಯಾಹ್ನಕ್ಕೆ ಕಮರಿಯಿಂದ ಹೊರಗಿರಿ.

ಮಳೆಯ ವಿಷಯದಲ್ಲಿ ತಲೆ ಮೇಲಿನ ಆಕಾಶ ನೋಡಿ ನಿರ್ಧಾರ ಮಾಡಬೇಡಿ. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ದಿಢೀರ್ ಪ್ರವಾಹಕ್ಕೆ 11 ಜನ ಬಲಿಯಾದರು. ಅವರಿದ್ದ ಜಾಗದಲ್ಲಿ ಮಳೆ ಅಷ್ಟೇನೂ ಇರಲಿಲ್ಲ. ಎಷ್ಟೋ ದೂರದಲ್ಲಿ, ಮೇಲಿನ ಕಡೆ ಸುರಿದ ನೀರು ಕಿರಿದಾದ ಕಮರಿಗೆ ನುಗ್ಗಿತ್ತು. ಹವಾಮಾನ ನೋಡುವಾಗ ಹೊಳೆ ಎಲ್ಲಿಂದ ಬರುತ್ತದೋ ಅಲ್ಲಿಯ ಮುನ್ಸೂಚನೆ ನೋಡಬೇಕು. ತಿಳಿಯಾಗಿದ್ದ ನೀರು ಕೆಂಪಗೆ ಕದಡಿದರೆ, ಎಲೆ ಕಡ್ಡಿ ಜಾಸ್ತಿ ತೇಲಿ ಬಂದರೆ, ಶಬ್ದ ದಪ್ಪಗಾದರೆ, ಚೀಲ ಅಲ್ಲೇ ಬಿಟ್ಟು ಪಕ್ಕದ ಎತ್ತರಕ್ಕೆ ಹತ್ತಿ. ಹೊಳೆಯ ಗುಂಟ ಕೆಳಕ್ಕೆ ಓಡಿದರೆ ನೀರೇ ಗೆಲ್ಲುತ್ತದೆ.

ಫಾಲ್ಸ್ ಮುಟ್ಟಿದ ಮೇಲೆ ದೊಡ್ಡವರೇ ಮಕ್ಕಳಿಗಿಂತ ಕಡೆ! ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುವ ಗಾದೆ ಬೆಟ್ಟದ ನೀರಿಗೆ ನಡೆಯಲ್ಲ. ತುಂಬಾ ತಣ್ಣಗಿನ ನೀರಿಗೆ ಧುಮುಕಿದರೆ ತನ್ನಿಂತಾನೇ ಬಾಯಿ ತೆರೆದು ಜೋರಾಗಿ ಉಸಿರು ಎಳೆದುಕೊಳ್ಳುತ್ತೇವೆ. ಆ ಕ್ಷಣ ತಲೆ ನೀರೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ನೀರು ಬೀಳುವ ಜಾಗದ ಬಿಳಿ ನೊರೆಯಲ್ಲಿ ಅರ್ಧಕ್ಕರ್ಧ ಗಾಳಿ ಅಂದರೂ ತಪ್ಪಿಲ್ಲ, ಈಜು ಬಂದವರನ್ನೂ ಅದು ಸರಿಯಾಗಿ ತೇಲಿಸುವುದಿಲ್ಲ. ಮೇಲಿಂದ ನೀರಿನ ಜೊತೆ ಕಲ್ಲೂ ಬೀಳುತ್ತವೆ. ಕಾಲಿಡುವ ಮುಂಚೆ ಬಂಡೆಯ ಬಣ್ಣ ನೋಡಿ. ಒಣಗಿದ್ದು ಮಾಸಲು ಬೂದು. ತುಂತುರು ಬೀಳುವ ಕಡೆಯದು ಕಪ್ಪಗೆ, ಎಣ್ಣೆ ಸವರಿದ ಹಾಗೆ ಮಿಂಚುತ್ತಿರುತ್ತದೆ. ಆ ಮಿಂಚೇ ಪಾಚಿ. ಬೂದು ಬಣ್ಣ ಮುಗಿಯುವ ಗೆರೆಯೇ ನಮ್ಮ ಮಕ್ಕಳ ಗಡಿ, ಅದನ್ನು ದಾಟಿ ಸೆಲ್ಫಿ ಇಲ್ಲ. ಫಾಲ್ಸ್‌ನ ನೆತ್ತಿಗೆ ಹೋಗಿ ಇಣುಕುವ ಆಸೆಯವರಿದ್ದರೆ ಅವರ ಜೊತೆ ನಾನು ಹೋಗಲ್ಲ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಡಿತ ಇರುವ ಬೂಟು, ಬೇಗ ಒಣಗುವ ಬಟ್ಟೆ. ಜೀನ್ಸ್ ಬೇಡ, ಒದ್ದೆಯಾದರೆ ಭಾರ, ಮೇಲೆ ಚಳಿ. ಸಾವಿರ ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಂಪು ಜಾಸ್ತಿ, ಹಾಗಾಗಿ ಒಂದೊಂದು ಸ್ವೆಟರ್. ಟಾರ್ಚ್. ಕಮರಿಯ ಗೋಡೆಗಳ ನಡುವೆ ಸಿಗ್ನಲ್ ಸಿಗುತ್ತದೆ ಅಂತ ನಂಬಬೇಡಿ, ಜಿಪಿಎಸ್ ಕೂಡ ಅಲ್ಲಿ ದಿಕ್ಕು ತಪ್ಪುತ್ತದೆ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಮನೆಯಲ್ಲಿ ಉಳಿದ ಒಬ್ಬರಿಗೆ ದಾರಿ ಮತ್ತು ವಾಪಸ್ ಬರುವ ಹೊತ್ತು ಹೇಳಿ ಹೋಗಿ.

ನಡೆಯುವಾಗ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ. ಹಿಂದೆ ಇದ್ದರೆ ಅವರು ನಮ್ಮನ್ನು ಹಿಡಿಯುವ ಹೊತ್ತಿಗೆ ನಮ್ಮದು ವಿಶ್ರಾಂತಿ ಮುಗಿದಿರುತ್ತದೆ, ನಾವು ಏಳುತ್ತೇವೆ. ಅವರಿಗೆ ಕೂರಲೂ ಆಗಲ್ಲ. ಅಜ್ಜಿಯ ಮಂಡಿ ನೋಯುವುದು ಹತ್ತುವಾಗಿನದಕ್ಕಿಂತ ಇಳಿಯುವಾಗ ಜಾಸ್ತಿ, ಒಂದು ಕೋಲು ಕೊಡಿ.

ಕೊನೆಯದಾಗಿ, ತಿರುಗುವ ಹೊತ್ತು. ಇದನ್ನು ಹೊರಡುವ ಮುಂಚೆಯೇ, ಎಲ್ಲರ ಎದುರು, ಗಡಿಯಾರದ ಲೆಕ್ಕದಲ್ಲಿ ಹೇಳಿಬಿಡಬೇಕು. ಹನ್ನೊಂದು ಅಂದರೆ ಹನ್ನೊಂದು. ಫಾಲ್ಸ್ ಕಂಡಿರಲಿ, ಶಬ್ದ ಮಾತ್ರ ಕೇಳುತ್ತಿರಲಿ. ಇನ್ನೇನು ಆ ತಿರುವು ದಾಟಿದರೆ ಬಂತು ಅನ್ನುವ ಮಾವ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಜೊತೆ ವಾದ ಮಾಡುವ ಕೆಲಸ ಗಡಿಯಾರಕ್ಕೇ ಬಿಡಿ. ಎದುರಿಗೆ ಒಳ್ಳೆಯ ಹೊಳೆ, ಮರಳು, ಕಲ್ಲು ಇದ್ದರೆ ಮಕ್ಕಳು ಅಲ್ಲೇ ಅಣೆಕಟ್ಟು ಕಟ್ಟಲು ಕೂರುತ್ತವೆ, ಫಾಲ್ಸ್ ಎಲ್ಲಿ ಅಂತ ಕೇಳುವುದೂ ಇಲ್ಲ.