ಒಂದೇ ಮನೆ, ಎರಡು ಒಲೆ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನೂ ಕೂರಿಸಿದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ಗಡಿಯಾರದಲ್ಲೇ ಇವೆರಡಕ್ಕೂ ಹೊಂದಾಣಿಕೆಯಿಲ್ಲ. ಮದರ್‌ಬೋರ್ಡಿನ ಸಮಯವನ್ನು ಲಿನಕ್ಸ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯವೆಂದು. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ ಮಧ್ಯಾಹ್ನ 12ಕ್ಕೆ ಬೆಳಗಿನ 6:30!

ಅದನ್ನಾದರೂ ಸಹಿಸಬಹುದು, ಒಂದು ಆಜ್ಞೆ ಕೊಟ್ಟರೆ ಸರಿಹೋಗುತ್ತದೆ. ಆದರೆ ಒಂದು ತಿಂಗಳಿನಿಂದ ಯಂತ್ರವೇ ನಡುನಡುವೆ ನಿಂತುಬಿಡುತ್ತಿತ್ತು. ವಿಂಡೋಸಿನಲ್ಲಿ ನೀಲಿ ಪರದೆ; ಲಿನಕ್ಸಿನಲ್ಲಿ ಅದೂ ಇಲ್ಲ, ಮೌಸ್ ಕಲ್ಲಾಗುತ್ತಿತ್ತು. ರಿಪೇರಿಯವನು ಮುಚ್ಚಳವನ್ನೂ ತೆಗೆಯದೆ, ‘ಲಿನಕ್ಸ್ ತೆಗೆದುಬಿಡಿ ಸಾರ್’ ಎಂದ. ಲಿನಕ್ಸ್ ಭಕ್ತನಾದ ಭಾವಮೈದುನ, ‘ವಿಂಡೋಸ್ ಅಳಿಸಿ ಭಾವ’ ಎಂದ. ಎರಡರಲ್ಲೂ ಕೈಕೊಟ್ಟರೆ ಹಾರ್ಡ್‌ವೇರನ್ನು ನೋಡಬೇಕೆಂದು ಒಬ್ಬರಿಗಾದರೂ ಹೊಳೆಯಬಾರದೇ? ನನಗೂ ಹೊಳೆಯಲಿಲ್ಲ ಎನ್ನಿ. ವಿಂಡೋಸ್ ಮತ್ತೆ ಹಾಕಿದೆ, ಶುರುವಿನಲ್ಲೇ ಯಾವುದನ್ನು ತೆರೆಯಲಿ ಎಂದು ಕೇಳುವ ಗ್ರಬ್ ಮಾಯವಾಯಿತು. ಗ್ರಬ್ ಹುಡುಕುತ್ತಾ ಎರಡು ಭಾನುವಾರ ಹೋದವು.

ಕೊನೆಗೆ ಒಂದು ರಾತ್ರಿ, ಕಂಪ್ಯೂಟರಿನ ನೆನಪನ್ನು (ರ‍್ಯಾಮ್) ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ಎರಡು ರ‍್ಯಾಮ್‌ಗಳಲ್ಲಿ ಒಂದು ಕೆಟ್ಟಿತ್ತು, ಅಷ್ಟೇ! ಅದನ್ನು ಕಿತ್ತು, ಉಳಿದ 4 ಜಿಬಿಯಲ್ಲೇ ಈಗ ತೆವಳುತ್ತಿದ್ದೇನೆ.

ಭಾವಮೈದುನ ಮಾತ್ರ ಇನ್ನೂ ವಿಂಡೋಸಿನ ಮೇಲೆಯೇ ಬೆರಳು ತೋರಿಸುತ್ತಾನೆ.