ಮದುವೆ ಹಾಡಿಗೆ ಶುಲ್ಕವಿಲ್ಲ: ನಾನೇ ಕಳಿಸಿದ ತಪ್ಪು ಮೆಸೇಜಿಗೆ ಸ್ಪಷ್ಟನೆ

ಮೊನ್ನೆ ಗಂಗಾವತಿಯ ನಮ್ಮ ಶಾಮಿಯಾನ, ಸೌಂಡ್ ಸಿಸ್ಟಂನವರ ಗ್ರೂಪಿಗೆ ನಾನೇ ಒಂದು ಮೆಸೇಜ್ ಹಾಕಿದ್ದೆ. ‘ಮದುವೆಯಲ್ಲಿ ಸಿನಿಮಾ ಹಾಡು ಹಾಕಿದರೆ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಸಂಘಕ್ಕೆ ಶುಲ್ಕ ಕಟ್ಟಬೇಕು’ ಅಂತ. ಅದು ಈಗ ಕುಷ್ಟಗಿ, ಸಿಂಧನೂರಿನ ತನಕ ಓಡಾಡುತ್ತಿದೆ. ಅದು ತಪ್ಪು. ಪೂರ್ತಿ ಓದದೆ ಸುಮ್ನೆ ಕಳಿಸಿಬಿಟ್ಟೆ.

ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ, ಅಂದರೆ ಐಎಂಐ, ಅನ್ನೋದು ಹಾಡಿನ ಕಂಪನಿಗಳ ಸಂಘ. 1936ರಿಂದ ಇದೆ. ನಮ್ಮಲ್ಲಿ ರೈಸ್ ಮಿಲ್ ಮಾಲೀಕರ ಸಂಘ ಇರುತ್ತದಲ್ವಾ, ಹಾಗೆ. ಕಂಪನಿಗಳ ಪರವಾಗಿ ಸರ್ಕಾರದ ಜೊತೆ ಮಾತಾಡುತ್ತದೆ, ಹಾಡುಗಳ ಕಳ್ಳ ಕಾಪಿ ತಡೆಯಲು ಓಡಾಡುತ್ತದೆ. ಮದುವೆ ಮನೆಯಲ್ಲಿ ರಸೀದಿ ಹರಿಯುವುದು ಅದರ ಕೆಲಸವಲ್ಲ. ಹಾಡು ಹಾಕಲು ಲೈಸೆನ್ಸ್ ಕೊಡುವ ಸಂಸ್ಥೆಗಳು ಬೇರೆ: ರೆಕಾರ್ಡ್ ಆದ ಹಾಡಿಗೆ ಪಿಪಿಎಲ್, ಹಾಡು ಬರೆದವರು ಮತ್ತು ರಾಗ ಹಾಕಿದವರ ಪರವಾಗಿ ಐಪಿಆರ್‌ಎಸ್.

ಮದುವೆಗೆ ಅವರ ಲೈಸೆನ್ಸೂ ಬೇಡ. 1957ರ ಕಾಪಿರೈಟ್ ಕಾಯ್ದೆಯ 52(1)(ಝಡ್‌ಎ) ಕಲಂ ಮದುವೆ, ಅದರ ಮೆರವಣಿಗೆ, ಅದಕ್ಕೆ ಸೇರಿದ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. ಕಾಪಿರೈಟ್ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಡಿಪಿಐಐಟಿ ಇಲಾಖೆ 2023ರ ಜುಲೈ 24ರ ಪ್ರಕಟಣೆಯಲ್ಲಿ ಇದನ್ನೇ ಮತ್ತೆ ಹೇಳಿದೆ. ಟಿಕೆಟ್ ಇಟ್ಟು ಮಾಡುವ ಡಿಜೆ ಕಾರ್ಯಕ್ರಮದ ಮಾತು ಬೇರೆ, ಅಲ್ಲಿ ಲೈಸೆನ್ಸ್ ಬೇಕು.

ಹಳೇ ಮೆಸೇಜ್ ಡಿಲೀಟ್ ಮಾಡಿ, ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ರಾತ್ರಿ 10ರ ನಂತರದ ಧ್ವನಿವರ್ಧಕದ ನಿಯಮ ಮಾತ್ರ ಮೊದಲಿನಂತೆಯೇ ಇದೆ!